ಹಸೆಗೆ ಕರೆದ ಹೆಸರು

ಕಾಫಿ ಹೂವಿನ ವಾಸನೆ ನನಗೆ ಆಗುವುದಿಲ್ಲ. ಹೀಗೆಂದರೆ ಜನ ನಗುತ್ತಾರೆ. ಮಾರ್ಚ್ ತಿಂಗಳಲ್ಲಿ ಒಂದು ಮಳೆ ಬಿದ್ದು, ಎಂಟೊಂಬತ್ತು ದಿನಕ್ಕೆ ತೋಟಗಳೆಲ್ಲ ಬೆಳ್ಳಗಾದಾಗ ಕಾರು ಮಾಡಿಕೊಂಡು ಬಂದು ಫೋಟೊ ತೆಗೆಸಿಕೊಳ್ಳುವವರಿದ್ದಾರೆ. ನಾನು ಬಸ್ಸಿನ ಕಿಟಕಿ ಮುಚ್ಚುತ್ತೇನೆ. ಹೋದ ವರ್ಷ ಆಲೂರು ದಾಟಿ ಬಾಳ್ಳುಪೇಟೆ ಕಡೆಗೆ ಬರುವಾಗ ಪಕ್ಕದ ಸೀಟಿನ ಹೆಂಗಸು, "ಯಾಕ್ರೀ ಮುಚ್ತೀರಾ, ಎಷ್ಟು ಚೆಂದಾಗಿ ಘಮ್ಮಂತೈತೆ, ತೆಗೀರಿ" ಎಂದು ಜಗಳಕ್ಕೇ ಬಂದಳು. ತಲೆನೋವು ಎಂದು ಸುಳ್ಳು ಹೇಳಿದೆ. ನಿಜ ಹೇಳಹೊರಟಿದ್ದರೆ ತೊಂಬತ್ತೊಂಬತ್ತನೇ ಇಸವಿಯ ಬೇಸಿಗೆಯನ್ನು ಪೂರ್ತಿ ಹೇಳಬೇಕಾಗುತ್ತಿತ್ತು. ಬಾಳ್ಳುಪೇಟೆ ಅಷ್ಟು ದೂರವಿರಲಿಲ್ಲ.

ಆಗ ನನಗೆ ಇಪ್ಪತ್ತನಾಲ್ಕು. ಜಾನಪದದಲ್ಲಿ ಎಂ.ಎ. ಮುಗಿಸಿ, ಮದುವೆಯ ಹಾಡುಗಳು ಮತ್ತು ಹಸೆಚಿತ್ರದ ಮೇಲೆ ಸಂಶೋಧನೆಗೆ ಸೇರಿದ್ದೆ. ಬಗಲಿಗೊಂದು ಚೀಲ, ಚೀಲದಲ್ಲಿ ಟೇಪ್ ರೆಕಾರ್ಡರ್, ಹತ್ತು ಖಾಲಿ ಕ್ಯಾಸೆಟ್, ಒಂದು ಡಜನ್ ಸೆಲ್ಲು, ಮತ್ತು ತಲೆಯ ತುಂಬ ಪುಸ್ತಕದ ಮಾತು. ಹಾಡುವವರನ್ನು ನಾವು 'ವಕ್ತೃ' ಎನ್ನುತ್ತಿದ್ದೆವು, ಹಾಡನ್ನು 'ಪಠ್ಯ' ಎನ್ನುತ್ತಿದ್ದೆವು. ಆಚರಣೆಯಿಂದ ಪಠ್ಯವನ್ನು ಬಿಡಿಸಿ ನೋಡುವುದು ಹೇಗೆ ಎಂದು ನಾನು ಒಂದು ಸೆಮಿನಾರಿನಲ್ಲಿ ಮಾತಾಡಿ ಚಪ್ಪಾಳೆ ಬೇರೆ ಗಿಟ್ಟಿಸಿದ್ದೆ. ಅಪ್ಪ ಆಲೂರಿನ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದರಿಂದ ಆ ಸೀಮೆ ನನಗೆ ಗೊತ್ತು ಎಂಬ ಜಂಬವೂ ಇತ್ತು. ಪೇಟೆಯಲ್ಲಿ ಬೆಳೆದವಳಿಗೆ ಗೊತ್ತಿದ್ದದ್ದು ಬಸ್ಸಿನ ವೇಳೆ ಮಾತ್ರ.

ಬಾಳ್ಳುಪೇಟೆಯಲ್ಲಿ ಇಳಿದು ಒಳದಾರಿಯಲ್ಲಿ ಮುಕ್ಕಾಲು ಗಂಟೆ ನಡೆದರೆ ಸಿಗುವ ಊರು ಅದು. ಊರಿನ ಹೆಸರು ಹೇಳುವುದಿಲ್ಲ, ಜನರ ಹೆಸರುಗಳೂ ನಿಜದವಲ್ಲ. ಅಲ್ಲಿ ಸಣ್ಣಮ್ಮ ಎಂಬ ಹೆಂಗಸು ಸುತ್ತಿನ ಏಳೆಂಟು ಹಳ್ಳಿಗಳ ಮದುವೆಗೆ ಸೋಬಾನೆ ಹೇಳುತ್ತಾಳೆಂದು ಕೇಳಿ ಹುಡುಕಿಕೊಂಡು ಹೋಗಿದ್ದೆ. ನಲವತ್ತರ ಆಸುಪಾಸಿನ, ತೆಳ್ಳಗೆ ಕಪ್ಪಗಿನ ಹೆಂಗಸು. ಮಾತಾಡುವಾಗ ಸ್ವಲ್ಪ ಒಡೆದ ಹಾಗಿರುತ್ತಿದ್ದ ದನಿ ಹಾಡುವಾಗ ಎಲ್ಲಿಂದಲೋ ತುಂಬಿಕೊಳ್ಳುತ್ತಿತ್ತು. ಎರಡೆಕರೆ ಕಾಫಿ, ಒಂದಿಷ್ಟು ಗದ್ದೆ, ಪಿಯುಸಿ ಓದಿ ಮನೆಯಲ್ಲಿದ್ದ ಮಗಳು ಶೈಲಾ. ಗಂಡ ಈರೇಗೌಡರು ಮರಗಸಿಗೆ ಹೆಸರಾದವರು. ಅಂದರೆ ಮಳೆ ಹಿಡಿಯುವ ಮೊದಲು ತೋಟದ ನೆರಳುಮರಗಳನ್ನು ಹತ್ತಿ ಕೊಂಬೆ ಸವರಿ, ಕಾಫಿ ಗಿಡಕ್ಕೆ ಬೇಕಾದಷ್ಟೇ ಬೆಳಕು ಬಿಡುವ ಕೆಲಸ. ಎಸ್ಟೇಟ್‌ನವರು ಜೀಪು ಕಳಿಸಿ ಅವರನ್ನು ಕರೆಸಿಕೊಳ್ಳುತ್ತಿದ್ದರು.

ಈರೇಗೌಡರನ್ನು ನಾನು ಕಂಡದ್ದು ಎರಡೇ ಸಲ. ಎರಡನೆಯ ಸಲ ಅವರು ನನ್ನ ಯಂತ್ರವನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ಇದ್ರೊಳಗೆ ಇವ್ಳ ಗಂಟ್ಲು ಕೂಡಾಕ್ಬುಡು ತಾಯಿ, ಮನ್ಯಾಗೆ ಒಸಿ ನೆಮ್ಮದಿಯಾಗಿರ್ಬೋದು" ಎಂದಿದ್ದರು. ಸಣ್ಣಮ್ಮ ಒಳಗಿನಿಂದಲೇ ಏನೋ ಬೈದಿದ್ದಳು. ಊರಿನವರು ಆಗಲೇ ನನಗೆ 'ಟೇಪಮ್ಮ' ಎಂದು ಹೆಸರಿಟ್ಟಾಗಿತ್ತು.

ಹಾಡುಗಳೇನೋ ಸಿಕ್ಕವು. ಅರಿಸಿನ ಕುಟ್ಟುವ ಹಾಡು, ಚಪ್ಪರದ ಹಾಡು, ಬೀಗರನ್ನು ಹಂಗಿಸುವ ಹಾಡು. ಆದರೆ ನನಗೆ ಬೇಕಾಗಿದ್ದ ಹಸೆಗೆ ಕರೆಯುವ ಹಾಡನ್ನು ಮಾತ್ರ ಸಣ್ಣಮ್ಮ ಮುಟ್ಟಲೊಲ್ಲಳು. ಮದುವೆಮನೆಯಲ್ಲಿ ನೆಲಕ್ಕೆ ಕೆಮ್ಮಣ್ಣು ಸಾರಿಸಿ, ಅಕ್ಕಿಹಿಟ್ಟಿನಲ್ಲಿ ಬಳ್ಳಿ, ಏಣಿ, ಸೂರ್ಯಚಂದ್ರರನ್ನು ಬರೆದು, ಅದರ ಮೇಲೆ ಮಣೆ ಹಾಕಿ ಹೆಣ್ಣುಗಂಡನ್ನು ಕೂರಿಸುತ್ತಾರೆ. ಅದೇ ಹಸೆ. ಆ ಹಾಡು ಹೇಳದೆ ಹೆಣ್ಣು ಒಳಗಿನಿಂದ ಎದ್ದು ಬರುವಂತಿಲ್ಲ.

"ಹಸೆ ಇಲ್ದೆ ಆ ಹಾಡು ಹೇಳ್ಬಾರ್ದು ಕಣವ್ವ" ಎಂದಳು ಸಣ್ಣಮ್ಮ.

"ಹಸೆ ಬರೆದರಾಯ್ತಲ್ಲ ಅಕ್ಕ" ಎಂದೆ ನಾನು. ಎಂಥ ಜಾಣೆ!

ಮಾರ್ಚ್ ತಿಂಗಳ ಆ ಮಧ್ಯಾಹ್ನ ಸುತ್ತಲ ತೋಟಗಳೆಲ್ಲ ಹೂವಾಗಿದ್ದವು. ಜಗಲಿಯ ಮೇಲೆ ಕೂತರೆ ವಾಸನೆ ಗಂಟಲಿಗೆ ಹತ್ತುವಷ್ಟಿತ್ತು. ಶೈಲಾ ನಗುತ್ತಲೇ ನೆಲ ಸಾರಿಸಿ ಒಂದು ಮೊಳದ ಹಸೆ ಬರೆದಳು. ನಡುವೆ ಮಣೆ ಹಾಕಿ, ಮಣೆಯ ಮೇಲೆ ನನ್ನ ಟೇಪ್ ರೆಕಾರ್ಡರ್ ಇಟ್ಟೆವು. ದನಿಗೂಡಿಸಲು ಬಂದಿದ್ದ ಪಕ್ಕದ ಮನೆಯ ಜಯಮ್ಮ, "ಮದ್ಲಿಂಗ ಗಟ್ಟಿಮುಟ್ಟಾಗವ್ನೆ ಕಣ್ರೇ, ಹೊಟ್ಟೆ ಒಸಿ ಚೌಕ ಅಷ್ಟೇಯ" ಎಂದಾಗ ಎಲ್ಲರೂ ಬಿದ್ದು ಬಿದ್ದು ನಕ್ಕೆವು.

ಆಮೇಲೆ ಹೆಸರಿನ ತೊಡಕು ಬಂತು. ಆ ಹಾಡಿನಲ್ಲಿ ಗಂಡಿನ ಹೆಸರು ಹಾಕಿ, ಹೆಣ್ಣನ್ನು ಅವನ ಮಡದಿಯೆಂದೇ ಕರೆಯಬೇಕು. ಹೆಸರಿಲ್ಲದೆ ಹಾಡು ಮುಂದೆ ಹೋಗುವುದಿಲ್ಲ. ಶೈಲಾಳಿಗೆ ಗಂಡು ಗೊತ್ತಾಗಿತ್ತು, ಆದರೆ ಮುಂಚಿತವಾಗಿ ಅವನ ಹೆಸರು ಹಾಕಿದರೆ ಕಣ್ಣೆಸರು, ದೃಷ್ಟಿ ತಾಗುತ್ತದೆ. ಯಾರದೋ ಹೆಸರು ಹಾಕುವುದು ಸುಳ್ಳು ಮದುವೆ ಮಾಡಿದ ಹಾಗೆ. ಉಳಿದದ್ದು ಆಗಲೇ ಮದುವೆಯಾದವರ ಹೆಸರು.

"ನಿನ್ ಗಂಡಂದೇ ಹಾಕೇ ಸಣ್ಣಿ. ಇಪ್ಪತ್ತೆರಡು ವರ್ಷ ಆತು, ಇನ್ನೊಂದ್ಸಲ ಹಸೆ ಏರು" ಎಂದಳು ಜಯಮ್ಮ.

ಸಣ್ಣಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದಳು. ಗಂಡನ ಹೆಸರನ್ನು ಆ ಕಡೆ ಹೆಂಗಸರು ಹೇಳುವುದಿಲ್ಲ. ಹೇಳಿದರೆ ಗಂಡನ ಆಯಸ್ಸು ಸವೆಯುತ್ತದೆ. ಓಟಿನ ಚೀಟಿ ಬರೆಯುವವರು ಕೇಳಿದರೂ ಮಗಳ ಕಡೆ ಕೈ ತೋರಿಸುತ್ತಾಳೆ. ಹಸೆಯ ಮುಂದೆ ಮಾತ್ರ ಅದಕ್ಕೆ ವಿನಾಯಿತಿ. ನನ್ನ ಟಿಪ್ಪಣಿಗೆ ಇದು ಹಬ್ಬದೂಟದಂಥ ವಿಷಯ. "ಹಸೆ ಇದೆಯಲ್ಲ ಅಕ್ಕ, ತಪ್ಪೇನೂ ಆಗಲ್ಲ. ಇದು ಬರೀ ಮಿಷನ್‌ಗೆ ಹೇಳೋದು, ನಿಜದ್ದಲ್ಲ" ಎಂದು ದುಂಬಾಲು ಬಿದ್ದೆ. ಅರ್ಧ ಗಂಟೆ ಕಾಡಿದ ಮೇಲೆ ಅವಳು ಒಪ್ಪಿದಳು. ಕ್ಯಾಸೆಟ್ಟಿನ ಮೇಲೆ ಬರೆದುಕೊಂಡೆ: ಮಧ್ಯಾಹ್ನ ಎರಡೂ ಮುಕ್ಕಾಲು.

*ಹತ್ತು ಬೆಟ್ಟದ ಹೂವ ಹಾಸಿ ಕರೆದಾರೆ ಹಸೆಗೆ,*
*ಈರೇಗೌಡರ ಮಡದಿ ಮೆಲ್ಲಗೆ ಬಾರೆ, ಸೋಬಾನೆ.*

ಮೊದಲ ಸಲ ಆ ಹೆಸರು ಬಂದಾಗ ಅವಳ ಕಿವಿ ಕೆಂಪಾದದ್ದು ಕಪ್ಪು ಬಣ್ಣದಲ್ಲೂ ಕಂಡಿತು. ಎರಡನೆಯ ಸಲಕ್ಕೆ ನಾಚಿಕೆ ಹೋಯಿತು. ಮೂರನೆಯ ಸಲ ಕಣ್ಣು ಮುಚ್ಚಿದಳು. ನಾನು ಹಾಡನ್ನು ಕೇಳುತ್ತಲೇ ಬರೆದುಕೊಳ್ಳುತ್ತಿದ್ದೆ. ಹೆಸರು ಬಂದ ಜಾಗದಲ್ಲೆಲ್ಲ ನಮ್ಮ ಪದ್ಧತಿಯಂತೆ ಒಂದು ಗೆರೆ. ಹೆಸರು ಮದುವೆಯಿಂದ ಮದುವೆಗೆ ಬದಲಾಗುತ್ತದೆ, ಪಠ್ಯಕ್ಕೆ ಸೇರಿದ್ದಲ್ಲ. ಕೊನೆಯಲ್ಲಿ ಅವಳು ಮದುಮಗನನ್ನು ಕರೆಯುವ ನುಡಿಯನ್ನು ಮತ್ತೊಮ್ಮೆ ತಾನಾಗಿಯೇ ಎತ್ತಿಕೊಂಡಳು. ಆ ಹೊತ್ತಿಗೆ ಹೊರಗೆ ಯಾರೋ ಬಂದ ಸದ್ದಾಯಿತು. ನಾನು 'ಮೇಲಿನಂತೆ' ಎಂದಷ್ಟೇ ಗೀಚಿ, ಜಗಲಿ ಇಳಿದು ಹೋದೆ. ಒಳಗೆ ಹಾಡು ನಡೆದೇ ಇತ್ತು.

ಅಂಗಳದ ತುದಿಯಲ್ಲಿ ನಿಂತಿದ್ದವನು ಎಸ್ಟೇಟ್‌ನ ರೈಟರ್, ಆಳುಗಳ ಲೆಕ್ಕ ಬರೆಯುವವನು. ಟೊಪ್ಪಿ ಕೈಯಲ್ಲಿತ್ತು. ನನ್ನನ್ನು ಕಂಡು ಹಲಸಿನ ಮರದ ಆಚೆಗೆ ಕರೆದ.

"ಹಾಡು ಒಸಿ ನಿಲ್ಲಿಸಿ ಮೇಡಮ್ಮ. ಗೌಡ್ರು ಮರದಿಂದ ಬಿದ್ಬುಟ್ರು."

"ಆಸ್ಪತ್ರೇಲಿದ್ದಾರಾ?"

"ಎಲ್ಲಿ ಆಸ್ಪತ್ರೆ. ಬೆಳಗ್ಗೆ ಹತ್ತೂವರೆಗೇ, ಮರದ ಬುಡದಾಗೇ ಮುಗಿದೋಗಿತ್ತು. ಹಗ್ಗ ಹರಿದಿದ್ದು. ಸುಮ್ನೆ ಸಕಲೇಶಪುರಕ್ಕೆ ಹೊತ್ಕೊಂಡು ಹೋದೋ ಅಷ್ಟೇ." ಟೊಪ್ಪಿಯನ್ನು ಬಗಲಿಗೆ ಸಿಕ್ಕಿಸಿ ಮನೆಯ ಕಡೆ ನೋಡಿದ. "ಈಗ್ಲೇ ಹೇಳ್ಬ್ಯಾಡಿ. ಪೆಟ್ಟಾಗೈತೆ, ಔಷ್ದಿ ಕೊಡ್ತಾವ್ರೆ ಅಂತ ನಾನು ಹೇಳ್ತೀನಿ. ನೆಂಟ್ರು ಸೇರ್ಲಿ. ಆಮ್ಯಾಕೆ ಸಂಜೆಗೆ ಹೋದ್ರು ಅಂದ್ರಾತು."

ಆ ಸೀಮೆಯಲ್ಲಿ ಸಾವನ್ನು ಒಂದೇ ಏಟಿಗೆ ಹೇಳುವುದಿಲ್ಲ. ಮೊದಲು ಪೆಟ್ಟು, ಆಮೇಲೆ ಪ್ರಜ್ಞೆ ಇಲ್ಲ, ಆಮೇಲೆ ಜೀಪು ಬರುತ್ತದೆ. ಅದು ದಯೆಯಿಂದ ಮಾಡುವ ಕೆಲಸ. ನಾವಿಬ್ಬರೂ ಅಲ್ಲಿ ನಿಂತು ಅದನ್ನು ಮಾತಾಡಿಕೊಳ್ಳುತ್ತಿರುವಾಗ ಸಣ್ಣಮ್ಮನ ದನಿ ಒಳಗಿನಿಂದ ಸ್ಪಷ್ಟವಾಗಿ ಬರುತ್ತಿತ್ತು. ದಾರಿ ನಡೆದು ದಣಿದವರೇ, ಈರೇಗೌಡರೇ, ಹಸೆಯ ಮೇಲೆ ಬಂದು ಕೂರಿರೇ ಎಂದು ಕರೆಯುತ್ತಿದ್ದಳು. ರೈಟರ್ ಕಿವಿ ಮುಚ್ಚಿಕೊಂಡ. ನನಗೆ ಅದೂ ತೋಚಲಿಲ್ಲ.

ಆರು ಗಂಟೆಗೆ ಜೀಪು ಬಂತು. ಐದಕ್ಕೆ ಪ್ರಾಣ ಹೋಯಿತೆಂದು ಹೇಳಿದರು, ಊರು ನಂಬಿತು. ರೈಟರ್ ಆ ತಿಂಗಳಲ್ಲೇ ಮೂಡಿಗೆರೆ ಕಡೆಯ ಬೇರೆ ಎಸ್ಟೇಟ್ ಸೇರಿದ. ಅವನ ಜೊತೆ ಹೊತ್ತುಕೊಂಡು ಹೋಗಿದ್ದ ಆಳುಗಳು ಘಟ್ಟದ ಕೆಳಗಿನವರು, ತಮ್ಮೂರಿಗೆ ಮರಳಿದರು. ಹತ್ತೂವರೆಯ ಸಂಗತಿ ತಿಳಿದವಳಾಗಿ ಆ ಊರಿನ ಮಟ್ಟಿಗೆ ಉಳಿದವಳು ನಾನೊಬ್ಬಳೇ.

ಹಾಸ್ಟೆಲಿಗೆ ಹಿಂದಿರುಗಿದ ಮೇಲೆ ಆ ಕ್ಯಾಸೆಟ್ಟನ್ನು ಕೇಳುವ ಧೈರ್ಯ ಬರಲಿಲ್ಲ. ಟಿಪ್ಪಣಿ ಪುಸ್ತಕ ನೋಡಿಕೊಂಡೇ ಹಾಡನ್ನು ಸಾಫಾಗಿ ಬರೆದೆ. ಎಲ್ಲಾ ಅಂದವಾಗಿತ್ತು: ಮೂರು ನುಡಿ, ಮೂರು ಗೆರೆ, ಕೊನೆಗೊಂದು 'ಮೇಲಿನಂತೆ'.

ಮೇ ತಿಂಗಳ ಮೊದಲ ವಾರ ಶೈಲಾಳ ಕಾಗದ ಬಂತು. ತಂದೆ ತೀರಿಕೊಂಡ ಒಂದು ವರ್ಷದೊಳಗೆ ಮದುವೆ ಮಾಡಬೇಕು, ಇಲ್ಲವಾದರೆ ಮೂರು ವರ್ಷ ಕಾಯಬೇಕೆಂಬ ಕಟ್ಟಳೆ. ಗಂಡಿನವರು ಕಾಯಲು ಒಪ್ಪುವುದಿಲ್ಲ. ಹಾಗಾಗಿ ಮಳೆ ಹಿಡಿಯುವುದರೊಳಗೆ ದಿನ ಗೊತ್ತಾಗಿತ್ತು. ಕಾಗದದ ಕೊನೆಯಲ್ಲಿ ಎರಡು ಸಾಲು: "ಅಕ್ಕ, ನಿಮ್ಮ ಟೇಪ್ ತೆಗೆದುಕೊಂಡು ಬನ್ನಿ. ಅವ್ವನ ಹಾಡಿಲ್ಲದೆ ನಾನು ಹಸೆಗೆ ಬರುವುದಿಲ್ಲ ಎಂದು ಹೇಳಿಬಿಟ್ಟಿದ್ದೇನೆ."

ಹೋದೆ. ಮದುವೆಯ ಹಿಂದಿನ ದಿನ ಮನೆ ತುಂಬ ಜನ. ಸಣ್ಣಮ್ಮ ಎಲ್ಲೂ ಕಾಣಲಿಲ್ಲ. ಹಿಂದಿನ ಕೋಣೆಯಲ್ಲಿ ಬಾಳೆಲೆ ಒರೆಸುತ್ತ ಕೂತಿದ್ದಳು. ಬರಿಗೊರಳು, ಬರಿ ಹಣೆ. ನನ್ನನ್ನು ಕಂಡು, "ಬಂದ್ಯಾ ಮಗಾ, ಊಟ ಮಾಡು" ಎಂದಳೇ ಹೊರತು ಎದ್ದು ಬರಲಿಲ್ಲ. ಗಂಡ ಸತ್ತವಳು ಹಸೆಯ ಹತ್ತಿರ ಸುಳಿಯುವಂತಿಲ್ಲ, ಅವಳ ದನಿಯೂ ಅಲ್ಲಿ ಬೀಳುವಂತಿಲ್ಲ. ಇಪ್ಪತ್ತು ವರ್ಷ ಊರಿನ ಹೆಣ್ಣುಮಕ್ಕಳನ್ನೆಲ್ಲ ಹಸೆಗೆ ಕರೆದವಳು ತನ್ನ ಮಗಳ ಸರದಿ ಬಂದಾಗ ಬಾಯಿ ಮುಚ್ಚಿಕೊಂಡಿರಬೇಕಾಗಿತ್ತು. ಉಳಿದ ಹೆಂಗಸರಿಗೆ ದನಿಗೂಡಿಸಿ ಅಭ್ಯಾಸ, ಮುಂದೆ ನಿಂತು ಎತ್ತಿಕೊಡುವುದು ಯಾರಿಗೂ ಬಾರದು. ಗಂಡಿನ ಕಡೆಯವರು ತಮ್ಮ ಹಾಡುಗಾರ್ತಿಯನ್ನು ತರುತ್ತೇವೆಂದು ಹೇಳಿಕಳಿಸಿದ್ದರು. ಹೆಣ್ಣನ್ನು ಕರೆಯಲು ಹೆಣ್ಣಿನ ಮನೆಯಲ್ಲಿ ಗಂಟಲಿಲ್ಲ ಎಂದಾದರೆ ಅದಕ್ಕಿಂತ ಅವಮಾನ ಬೇರೆ ಇಲ್ಲ.

ಈರೇಗೌಡರ ಅಣ್ಣ, ಶೈಲಾಳ ದೊಡ್ಡಪ್ಪ, ಮನೆಯ ಯಜಮಾನಿಕೆ ವಹಿಸಿಕೊಂಡಿದ್ದರು. ದೇವರ ಕೋಣೆಯ ಮುಂದೆ ನಾಲ್ಕು ಜನ ಹಿರಿಯರನ್ನು ಕೂರಿಸಿ ನನ್ನನ್ನು ಕರೆಸಿದರು. ನನ್ನ ಯಂತ್ರ ನಡುವೆ ಇತ್ತು. ಅವರ ಚರ್ಚೆಯನ್ನು ಕೇಳಿದ್ದರೆ ನನ್ನ ಪ್ರೊಫೆಸರು ಎದ್ದು ನಿಂತು ಟಿಪ್ಪಣಿ ಮಾಡಿಕೊಳ್ಳುತ್ತಿದ್ದರು. ದನಿ ಯಾರದು? ಈಗ ಒಳಗೆ ಕೂತಿರುವ ಸಣ್ಣಮ್ಮನದೋ, ಅವತ್ತು ಹಾಡಿದ ಸಣ್ಣಮ್ಮನದೋ? ಹಾಲು ಕೆಟ್ಟಿತೆಂದು ಅದರಿಂದ ಮೊದಲೇ ತೆಗೆದಿಟ್ಟ ಬೆಣ್ಣೆಯೂ ಕೆಡುತ್ತದೆಯೇ ಎಂದು ಒಬ್ಬ ಮುದುಕರು ಕೇಳಿದರು. ಉಳಿದವರು ತಲೆದೂಗಿದರು.

ದೊಡ್ಡಪ್ಪ ನನ್ನ ಕಡೆ ತಿರುಗಿದರು. "ನಮ್ಗೆ ಒಂದೇ ಮಾತು ಬೇಕು ಕಣಮ್ಮ. ಇದ್ರಾಗೆ ಇರೋದು ಮುತ್ತೈದೆ ದನೀನಾ, ಮುಂಡೆ ದನೀನಾ? ಅವಳು ಹಾಡೋ ಹೊತ್ನಲ್ಲಿ ನನ್ನ ತಮ್ಮ ಇದ್ನಾ?"

ಬಾಗಿಲ ಸಂದಿಯಲ್ಲಿ ಶೈಲಾ ನಿಂತಿದ್ದಳು. ಕೈಗೆ ಅರಿಸಿನ ಮೆತ್ತಿಕೊಂಡಿತ್ತು. ಎರಡು ತಿಂಗಳಲ್ಲಿ ಅವಳ ಮುಖ ಅರ್ಧವಾಗಿತ್ತು. ಒಂದು ಸುಳ್ಳಿನಿಂದ ಯಾರಿಗೆ ಏನು ನಷ್ಟ ಎಂದುಕೊಂಡೆ. ನಂಬಿಕೆಗಳನ್ನು ಅಧ್ಯಯನ ಮಾಡಲು ಬಂದವಳು ನಾನು, ನಂಬಲು ಬಂದವಳಲ್ಲವಲ್ಲ.

"ಇದ್ರು" ಎಂದೆ.

"ದೇವ್ರ ಮುಂದೆ ನಿಂತಿದೀಯ."

"ಇದ್ರು. ಹಾಡಿದ್ದು ಮೂರು ಗಂಟೆಗೆ. ಅವರು ಹೋಗಿದ್ದು ಐದಕ್ಕಲ್ವಾ."

ಹಿರಿಯರು ನಿರಾಳರಾದರು. ಶೈಲಾ ಅಳುತ್ತಾ ಓಡಿ ಹೋದಳು. ದೇವರ ಕೋಣೆಗೂ ಹಿಂದಿನ ಕೋಣೆಗೂ ನಡುವೆ ಇದ್ದದ್ದು ಒಂದು ಹಲಗೆಯ ಗೋಡೆ. ಬಾಳೆಲೆ ಒರೆಸುವ ಸದ್ದು ಅಲ್ಲಿ ನಿಂತುಹೋದದ್ದನ್ನು ನಾನು ಗಮನಿಸಿದೆ, ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ.

ಹೆಸರಿಗೆ ಒಂದು ಉಪಾಯ ಮಾಡಿದೆವು. ಹಾಡಿನಲ್ಲಿ ಈರೇಗೌಡರ ಹೆಸರು ಬರುವ ಜಾಗಕ್ಕೆ ಸರಿಯಾಗಿ ನಾನು ಗುಂಡಿ ತಿರುಗಿಸಿ ಟೇಪಿನ ದನಿ ಅಡಗಿಸುವುದು, ಆ ಚಣದಲ್ಲಿ ಜಯಮ್ಮ ಮದುಮಗನ ಹೆಸರು ಹೇಳುವುದು, ಮತ್ತೆ ದನಿ ಏರಿಸುವುದು. ಟಿಪ್ಪಣಿ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಗೆರೆ ಎಣಿಸಿಕೊಂಡೆ. ಮೂರು. ಎರಡು ಸಲ ಅಭ್ಯಾಸ ಮಾಡಿದೆವು. ಮೂರನೆಯ ಗೆರೆ ದಾಟಿದ ಮೇಲೆ ಪ್ರತಿಸಲವೂ ಸೆಲ್ಲು ಉಳಿಸಲೆಂದು ನಿಲ್ಲಿಸಿಬಿಟ್ಟೆ.

ಮರುದಿನ ಬೆಳಗ್ಗೆ ಹಸೆಯ ಮುಂದೆ ಇಡೀ ಚಪ್ಪರ ಕಿವಿಯಾಗಿ ಕೂತಿತ್ತು. ಟೇಪು ಹಾಕಿದೆ. ಸಣ್ಣಮ್ಮನ ದನಿ ಎದ್ದಿತು. ಎರಡು ತಿಂಗಳಿಂದ ಆ ದನಿ ಕೇಳದಿದ್ದ ಹೆಂಗಸರು ಬೆಚ್ಚಿದ್ದು, ಆಮೇಲೆ ತಾವಾಗಿಯೇ ದನಿಗೂಡಿಸಿದ್ದು ನನಗೆ ನೆನಪಿದೆ. ಮೊದಲ ಹೆಸರಿಗೆ ದನಿ ಅಡಗಿಸಿದೆ, ಜಯಮ್ಮ ತುಂಬಿದಳು. ಎರಡನೆಯದಕ್ಕೂ ಹಾಗೆಯೇ. ಮೂರನೆಯದಕ್ಕೆ ಶೈಲಾ ತಲೆ ತಗ್ಗಿಸಿಕೊಂಡು ಒಳಗಿನಿಂದ ಬಂದು ಮಣೆಯ ಹತ್ತಿರ ನಿಂತಳು. ನಾನು ಪುಸ್ತಕ ಮುಚ್ಚಿದೆ. ಇನ್ನು ಉಳಿದದ್ದು 'ಮೇಲಿನಂತೆ'.

ದಾರಿ ನಡೆದು ದಣಿದವರೇ, ಎಂದು ಟೇಪು ಕರೆಯಿತು. ಈರೇಗೌಡರೇ.

ಗುಂಡಿಗೆ ಕೈ ಹೋಗುವುದರೊಳಗೆ ಹೆಸರು ಪೂರ್ತಿ ಬಂದಿತ್ತು. ಅವಳು ಅದನ್ನು ಎಳೆದು ಹಾಡಿದ್ದಳು, ಬಾಗಿಲಲ್ಲಿ ನಿಂತವರನ್ನು ಕರೆಯುವ ಹಾಗೆ. ಸತ್ತವನನ್ನು ಮಗಳ ಹಸೆಗೆ ಕರೆದಾಗಿತ್ತು. ನೂರಾರು ಕಣ್ಣು ಖಾಲಿ ಬಿದ್ದಿದ್ದ ಬಾಗಿಲ ಕಡೆಗೇ ತಿರುಗಿದವು. ನಾನೂ ತಿರುಗಿದೆ, ಸುಳ್ಳು ಯಾಕೆ ಹೇಳಲಿ.

ಜಯಮ್ಮ ಮೊದಲು ಚೇತರಿಸಿಕೊಂಡಳು. "ಅಪ್ಪನೂ ಬಂದ ಕಣೇ ಮಗಳೇ, ಧಾರೆ ನೋಡಕ್ಕೆ. ಕಣ್ಣೊರೆಸ್ಕೊಂಡು ಕುಂತ್ಕೋ" ಎಂದು ಗಟ್ಟಿಯಾಗಿ ಹೇಳಿ ಸೋಬಾನೆ ಎಳೆದಳು. ಹೆಂಗಸರು ಸೇರಿಸಿದರು. ಅಪ್ಪ ಬಂದು ಹರಸಿದನೆಂದು ಊರು ಅರ್ಥ ಮಾಡಿಕೊಂಡಿತು. ಮುಹೂರ್ತ ಮೀರಲಿಲ್ಲ. ಮದುವೆ ಕಳೆಯಿತು, ಸಂಜೆಗೆ ಶೈಲಾ ಗಂಡನ ಮನೆಗೆ ಹೊರಟಳು. ಎಲ್ಲರೂ ನನ್ನ ಯಂತ್ರವನ್ನು ಹೊಗಳಿದರು. ದೊಡ್ಡಪ್ಪ ತೆಂಗಿನಕಾಯಿ ಕೊಟ್ಟು ಉಪಚಾರ ಮಾಡಿದರು.

ಮರುದಿನ ಬೆಳಗ್ಗೆ ಹೇಳಿ ಹೋಗಲು ಹಿತ್ತಿಲಿಗೆ ಹೋದೆ. ಸಣ್ಣಮ್ಮ ಬಾಡಿಗೆಗೆ ತಂದ ಹಂಡೆಗಳನ್ನು ಬೂದಿ ಹಾಕಿ ತಿಕ್ಕುತ್ತಿದ್ದಳು. ನಾನು ಎದುರು ಕೂತೆ.

"ನಿನ್ನ ಮಿಷನ್ನಾಗೆ ಅವ್ರ ಹೆಸ್ರು ಎಷ್ಟು ಸಲ ಹೇಳಿವ್ನಿ ಮಗಾ?"

"ನಾಲ್ಕು ಸಲ ಅಕ್ಕ."

"ಇಪ್ಪತ್ತೆರಡು ವರ್ಷ ಒಂದ್ಸಲಾನೂ ಹೇಳಿರ್ಲಿಲ್ಲ. ಒಂದೇ ದಿನ ನಾಕು ಸಲ ಹೇಳ್ದೆ. ಎರಡು ಗಂಟೇಲಿ ಹೋಗ್ಬುಟ್ರು." ಅವಳು ತಿಕ್ಕುವುದನ್ನು ನಿಲ್ಲಿಸಲಿಲ್ಲ. "ಹಣೆಬರ ಅಂತಾರೆ ಎಲ್ರೂವೆ. ನಾನೂ ಹಂಗೇ ಅಂದ್ಕೊಳ್ಳೋಣ ಅಂತಿದ್ದೆ. ಒಂದು ವ್ಯಾಳೆ ಮದ್ಲೇ ಹೋಗಿದ್ರೇನೋ, ನನ್ಗೆ ತಡವಾಗಿ ಹೇಳಿದ್ರೇನೋ ಅಂತ ಒಂದು ಆಸೆ ಇತ್ತು. ಮೊನ್ನೆ ನೀನು ಇದ್ರು ಅಂದೆಯಲ್ಲ, ಗ್ವಾಡೆ ಈಚೆ ಕೇಳುಸ್ತು. ಹಸೆ ಮ್ಯಾಲೆ ಗಂಡು ಕುಂತಿರ್ಲಿಲ್ಲ ಅವತ್ತು. ಮಿಷನ್ ಕುಂತಿತ್ತು. ಅವ್ರ ಹೆಸ್ರನ್ನ ಗಾಳಿಗೆ ಬುಟ್ಟೆ ನಾನು."

ಎರಡು ತಿಂಗಳಿಂದ ಅವಳು ಇದನ್ನು ಹೊತ್ತುಕೊಂಡಿದ್ದಳು. ಹೊತ್ತದ್ದು ಹಗುರಾಗಲು ಇದ್ದ ಒಂದೇ ಒಂದು ಸಂದಿಯನ್ನು ನಾನು ದೇವರ ಮುಂದೆ ನಿಂತು ಮುಚ್ಚಿಬಿಟ್ಟಿದ್ದೆ. ತಡೆಯಲಾಗದೆ ಎಲ್ಲವನ್ನೂ ಹೇಳಿದೆ. ರೈಟರ್ ಬಂದದ್ದು, ಹಲಸಿನ ಮರದ ಆಚೆ ನಿಂತು ಹೇಳಿದ್ದು, ಹತ್ತೂವರೆ, ಮರದ ಬುಡ, ಐದು ಗಂಟೆಯೆಂಬ ಕಟ್ಟುಕತೆ. "ನೀವು ಬಾಯಿ ತೆಗೆಯುವ ಮೊದಲೇ ಅವರು ಹೋಗಿದ್ದರು ಅಕ್ಕ. ನಿಮ್ಮಿಂದ ಏನೂ ಆಗಿಲ್ಲ. ಆಣೆ."

ಅವಳ ಕೈ ನಿಂತಿತು. ಮುಖದ ಮೇಲಿನ ಬಿಗಿ ಒಂದು ಗಳಿಗೆ ಬಿಟ್ಟುಹೋಯಿತು. ಅದನ್ನು ನಾನು ಕಣ್ಣಾರೆ ಕಂಡೆ. ಎರಡು ತಿಂಗಳ ಹಿಂದೆ ಸೆರಗು ಬಾಯಿಗೆ ಹಿಡಿದು ನಕ್ಕವಳೇ ಅಲ್ಲಿದ್ದಳು. ಅಳುತ್ತಾಳೆಂದುಕೊಂಡೆ. ಅಳಲಿಲ್ಲ.

"ಹಂಗಾದ್ರೆ," ಎಂದಳು, "ನೆನ್ನೆ ನನ್ನ ಮಗಳನ್ನ ಹಸೆಗೆ ಕರೆದೋಳು ಮುಂಡೆ."

ಹಂಡೆಯನ್ನು ಪಕ್ಕಕ್ಕೆ ಸರಿಸಿ ಬಾಗಿಲ ಕಡೆ ನೋಡಿದಳು.

"ಇದು ಯಾರ್ಗೆ ಗೊತ್ತು?"

"ನನಗೊಬ್ಬಳಿಗೇ."

"ಶೈಲಂಗೆ?"

"ಇಲ್ಲ."

ಅವಳು ಮತ್ತೊಂದು ಹಿಡಿ ಬೂದಿ ತೆಗೆದುಕೊಂಡಳು. "ನೀನು ಮೊನ್ನೆ ಹೇಳಿದ್ದೇ ಇರ್ಲಿ."

"ಅಕ್ಕಾ, ಅದು ಸುಳ್ಳು. ಮಾಡದ ಪಾಪ ನೀವು ಯಾಕೆ..."

"ಕೂಗಾಡ್ಬ್ಯಾಡ. ಒಳಗೆ ನೆಂಟ್ರವ್ರೆ." ದನಿ ಎತ್ತರಿಸದೆ ಹೇಳಿದಳು. "ಮುಂಡೆ ಕರೆದ ದೋಷಾನ ಆ ಕೂಸಿನ ಬಾಳ ಮ್ಯಾಲೆ ಯಾಕೆ ಹಾಕ್ಲಿ? ನನ್ನ ತಲೆ ಮ್ಯಾಲಿದ್ರೆ ನನ್ಗೆ ಮುಗೀತದೆ. ಅವ್ರು ಇದ್ರು ಮಗಾ. ನಾನು ಹೆಸ್ರು ಹೇಳ್ದೆ, ಅವ್ರು ಹೋದ್ರು. ಯಾರು ಕೇಳಿದ್ರೂ ಹಿಂಗೇ ಹೇಳ್ಬೇಕು ನೀನು. ಎಲ್ಲಿ, ಒಂದ್ಸಲ ಹೇಳು ನೋಡಾನ."

ನಾನು ಹೇಳಿದೆ. ಅವಳು ಕಣ್ಣು ಮುಚ್ಚಿಕೊಂಡು ಕೇಳಿ, ಇನ್ನೊಂದು ಸಲ ಹೇಳು ಎಂದಳು.